ಹೊತ್ತಿಗೊದಗುವ ಮದ್ದು

ತೀವ್ರ ನಿಗಾ ಘಟಕದಲ್ಲಿ ಮಲಗಿರುವ ರೋಗಿಗೆ ನ್ಯುಮೋನಿಯಾ ತಗುಲಿದಾಗ ಯಾವ ಪ್ರತಿಜೀವಕವನ್ನು, ಅಂದರೆ ಬ್ಯಾಕ್ಟೀರಿಯಾಗಳನ್ನು ಕೊಲ್ಲುವ ಅಥವಾ ಅವುಗಳ ಬೆಳವಣಿಗೆಯನ್ನು ತಡೆಯುವ ಯಾವ ಔಷಧವನ್ನು ಕೊಡಬೇಕೆಂಬ ಪ್ರಶ್ನೆಗೆ ವೈದ್ಯಶಾಸ್ತ್ರ ಕಳೆದ ಎಂಬತ್ತು ವರ್ಷಗಳಲ್ಲಿ ಬಹಳ ಗಮನ ಕೊಟ್ಟಿದೆ. ಅದೇ ಔಷಧವನ್ನು ಎಷ್ಟು, ಎಷ್ಟು ಹೊತ್ತಿಗೊಮ್ಮೆ, ಎಷ್ಟು ನಿಧಾನವಾಗಿ, ಎಷ್ಟು ದಿನ ಕೊಡಬೇಕೆಂಬ ಪ್ರಶ್ನೆಯನ್ನು ಮಾತ್ರ ಬಹುಕಾಲ ಔಷಧದ ಪೆಟ್ಟಿಗೆಯೊಳಗಿನ ಮಾಹಿತಿ ಚೀಟಿಗೆ ಬಿಟ್ಟುಕೊಟ್ಟಿತ್ತು. ಆ ಚೀಟಿಯಲ್ಲಿ ಮುದ್ರಿತವಾಗಿರುವ ಅಂಕಿಗಳು ಬಹುಮಟ್ಟಿಗೆ ಆರೋಗ್ಯವಂತ ಸ್ವಯಂಸೇವಕರನ್ನೂ, ಎದ್ದು ಓಡಾಡುವಷ್ಟು ಶಕ್ತಿ ಉಳಿದಿದ್ದ ರೋಗಿಗಳನ್ನೂ ಪರೀಕ್ಷಿಸಿ ಪಡೆದವು. ಮೈಯೆಲ್ಲ ಊದಿಕೊಂಡು, ರಕ್ತದೊತ್ತಡ ಕುಸಿದು, ಯಂತ್ರದ ನೆರವಿನಿಂದ ಉಸಿರಾಡುತ್ತಿರುವ ಮನುಷ್ಯನ ದೇಹ ಅದೇ ಔಷಧವನ್ನು ಅದೇ ರೀತಿ ನಡೆಸಿಕೊಳ್ಳುತ್ತದೆಂದು ಭಾವಿಸಲು ಆಧಾರವಿಲ್ಲವೆಂಬುದು ಕಳೆದ ಮೂರು ದಶಕಗಳಲ್ಲಿ ಒಂದೊಂದಾಗಿ ಹೊರಬಿದ್ದ ಪುರಾವೆಗಳಿಂದ ಸ್ಪಷ್ಟವಾಗಿದೆ, ಮತ್ತು ಈ ಭಾಷಣದ ವಸ್ತು ಆ ಪುರಾವೆಗಳೇ.

ನ್ಯುಮೋನಿಯಾ ಎಂದರೆ ಶ್ವಾಸಕೋಶದ ತುತ್ತತುದಿಯಲ್ಲಿರುವ ಪುಟ್ಟ ಗಾಳಿಗೂಡುಗಳು ಸೋಂಕಿನಿಂದಾಗಿ ದ್ರವ ಮತ್ತು ಕೀವು ತುಂಬಿಕೊಂಡು, ರಕ್ತಕ್ಕೆ ಆಮ್ಲಜನಕ ಸೇರಿಸುವ ತಮ್ಮ ಕೆಲಸವನ್ನು ಮಾಡಲಾಗದ ಸ್ಥಿತಿ. ಊರಿನಲ್ಲಿ, ಮನೆಯಲ್ಲಿ ಬರುವ ನ್ಯುಮೋನಿಯಾಕ್ಕೆ ಅನೇಕ ವೇಳೆ ನ್ಯುಮೊಕಾಕಸ್ ಎಂಬ ಬ್ಯಾಕ್ಟೀರಿಯಾ ಕಾರಣವಾಗಿದ್ದು, ಅದು ಸಾಮಾನ್ಯವಾಗಿ ಹಳೆಯ ಔಷಧಗಳಿಗೂ ಬಗ್ಗುತ್ತದೆ. ಆಸ್ಪತ್ರೆಗೆ ಸೇರಿ 48 ಗಂಟೆಗಳು ಕಳೆದ ಮೇಲೆ ಬರುವ ನ್ಯುಮೋನಿಯಾ ಬೇರೆಯ ಜಾತಿಯದು; ಅದರಲ್ಲೂ ಗಂಟಲಿನ ಮೂಲಕ ಶ್ವಾಸನಾಳಕ್ಕೆ ಕೊಳವೆಯಿಳಿಸಿ ವೆಂಟಿಲೇಟರಿಗೆ ಜೋಡಿಸಿದ 48 ಗಂಟೆಗಳ ನಂತರ ಕಾಣಿಸಿಕೊಳ್ಳುವುದನ್ನು ವೆಂಟಿಲೇಟರ್ ಸಂಬಂಧಿತ ನ್ಯುಮೋನಿಯಾ ಎಂದು ಪ್ರತ್ಯೇಕವಾಗಿ ಗುರುತಿಸಲಾಗುತ್ತದೆ. ಕೊಳವೆಯಿರುವಾಗ ಕೆಮ್ಮಿ ಕಫ ಹೊರಹಾಕುವ ಸಹಜ ಶಕ್ತಿ ಇಲ್ಲವಾಗುತ್ತದೆ, ಬಾಯಿ ಮತ್ತು ಗಂಟಲಿನ ಸ್ರಾವ ಕೊಳವೆಯ ಅಂಚಿನಿಂದ ಸ್ವಲ್ಪಸ್ವಲ್ಪವಾಗಿ ಕೆಳಗೆ ಜಿನುಗುತ್ತದೆ, ಕೊಳವೆಯ ಒಳಮೈಯಲ್ಲಿ ಬ್ಯಾಕ್ಟೀರಿಯಾಗಳು ಪಾಚಿಯಂತೆ ಪದರ ಕಟ್ಟಿಕೊಳ್ಳುತ್ತವೆ. ಭಾರತದ ಆಸ್ಪತ್ರೆಗಳಲ್ಲಿ, ಕರ್ನಾಟಕದವೂ ಸೇರಿದಂತೆ, ಇಂಥ ರೋಗಿಗಳ ಕಫದ ಕಲ್ಚರ್, ಎಂದರೆ ಬ್ಯಾಕ್ಟೀರಿಯಾಗಳನ್ನು ಬೆಳೆಸಿ ಗುರುತಿಸುವ ಪರೀಕ್ಷೆಯ, ವರದಿಯಲ್ಲಿ ಮತ್ತೆ ಮತ್ತೆ ಕಾಣುವ ಹೆಸರುಗಳು ಅಸಿನೆಟೊಬ್ಯಾಕ್ಟರ್, ಕ್ಲೆಬ್ಸಿಯೆಲ್ಲಾ ಮತ್ತು ಸ್ಯೂಡೊಮೊನಾಸ್. ಈ ಮೂರೂ ಔಷಧಗಳಿಗೆ ಪ್ರತಿರೋಧ ಬೆಳೆಸಿಕೊಳ್ಳುವುದರಲ್ಲಿ ಪಳಗಿದವು. ಆದ್ದರಿಂದ ಕೈಯಲ್ಲಿ ಉಳಿದಿರುವ ಕೆಲವೇ ಔಷಧಗಳನ್ನು ಅವುಗಳ ಪೂರ್ಣ ಶಕ್ತಿ ಹೊರಬರುವಂತೆ ಬಳಸುವುದು ನಮ್ಮ ದೇಶದಲ್ಲಿ ಉಳಿದೆಡೆಗಿಂತ ಹೆಚ್ಚು ತುರ್ತಿನ ವಿಷಯ.

ಬ್ಯಾಕ್ಟೀರಿಯಾದ ಪ್ರತಿರೋಧವನ್ನು ಪ್ರಯೋಗಾಲಯ ಒಂದು ಅಂಕಿಯಾಗಿ ಅಳೆಯುತ್ತದೆ. ಸಾಲಾಗಿ ಇಟ್ಟ ಪುಟ್ಟ ಕುಳಿಗಳಲ್ಲಿ ಬ್ಯಾಕ್ಟೀರಿಯಾ ಬೆಳೆಯಲು ಬೇಕಾದ ದ್ರವವನ್ನು ತುಂಬಿ, ಒಂದರಿಂದ ಮುಂದಿನದಕ್ಕೆ ಔಷಧದ ಪ್ರಮಾಣ ಇಮ್ಮಡಿಯಾಗುವಂತೆ, ಲೀಟರಿಗೆ ಕಾಲು ಮಿಲಿಗ್ರಾಂ, ಅರ್ಧ, ಒಂದು, ಎರಡು, ನಾಲ್ಕು, ಎಂಟು ಎಂದು ಬೆರೆಸಿ, ಎಲ್ಲಕ್ಕೂ ಒಂದೇ ಸಮನಾಗಿ ಬ್ಯಾಕ್ಟೀರಿಯಾ ಸೇರಿಸಿ ರಾತ್ರಿಯಿಡೀ ದೇಹದ ಶಾಖದಲ್ಲಿಟ್ಟರೆ, ಮರುದಿನ ಕೆಲವು ಕುಳಿಗಳು ಕದಡಿದ್ದು ಉಳಿದವು ತಿಳಿಯಾಗಿರುತ್ತವೆ. ತಿಳಿಯಾಗಿ ಉಳಿದ ಕುಳಿಗಳಲ್ಲಿ ಎಲ್ಲಕ್ಕಿಂತ ಕಡಿಮೆ ಔಷಧವಿದ್ದ ಕುಳಿ ಯಾವುದೋ ಅದರ ಅಂಕಿಯೇ ಆ ಬ್ಯಾಕ್ಟೀರಿಯಾದ ಕನಿಷ್ಠ ತಡೆ ಸಾಂದ್ರತೆ. ಈ ಅಂಕಿ ಹೆಚ್ಚಿದಷ್ಟೂ ಬ್ಯಾಕ್ಟೀರಿಯಾ ಗಟ್ಟಿ. ಅಳತೆ ನಡೆಯುವುದು ಗಾಜು ಅಥವಾ ಪ್ಲಾಸ್ಟಿಕ್ಕಿನ ಕುಳಿಯಲ್ಲಿ, ಅಲ್ಲಿ ಔಷಧ ರಾತ್ರಿಯಿಡೀ ಬಹುಮಟ್ಟಿಗೆ ಒಂದೇ ಮಟ್ಟದಲ್ಲಿ ನಿಂತಿರುತ್ತದೆ ಎಂಬುದನ್ನು ನೆನಪಿಡಬೇಕು. ಮನುಷ್ಯನ ದೇಹದಲ್ಲಿ ಔಷಧ ಹಾಗೆ ನಿಲ್ಲುವುದಿಲ್ಲ. ಏರುತ್ತದೆ, ಇಳಿಯುತ್ತದೆ, ಹರಡುತ್ತದೆ, ಹೊರಹೋಗುತ್ತದೆ. ಪ್ರಮಾಣ ನಿರ್ಧಾರದ ಕಷ್ಟವೆಲ್ಲ ಈ ಏರಿಳಿತದಲ್ಲಿದೆ.

ಔಷಧ ಎಷ್ಟು ಬೇಗ ಹೊರಹೋಗಬಲ್ಲದೆಂಬುದನ್ನು ಪೆನಿಸಿಲಿನ್‌ನ ಮೊದಲ ದಿನಗಳೇ ತೋರಿಸಿಕೊಟ್ಟಿದ್ದವು. 1941ರ ಫೆಬ್ರುವರಿ 12ರಂದು ಇಂಗ್ಲೆಂಡಿನ ಆಕ್ಸ್‌ಫರ್ಡಿನ ರ್‍ಯಾಡ್‌ಕ್ಲಿಫ್ ಆಸ್ಪತ್ರೆಯಲ್ಲಿ ಆಲ್ಬರ್ಟ್ ಅಲೆಗ್ಸಾಂಡರ್ ಎಂಬ 43 ವರ್ಷದ ಪೊಲೀಸ್ ಪೇದೆಗೆ ಪೆನಿಸಿಲಿನ್ ಚಿಕಿತ್ಸೆ ಆರಂಭವಾಯಿತು. ಆತನ ಮುಖ, ಕಣ್ಣು, ಶ್ವಾಸಕೋಶಗಳಿಗೆ ಸೋಂಕು ಹರಡಿತ್ತು. ಮೂರು ಮೂರು ಗಂಟೆಗೊಮ್ಮೆ ಕೊಟ್ಟ ಔಷಧದಿಂದ ಜ್ವರ ಇಳಿಯಿತು, ಆತ ಊಟ ಮಾಡತೊಡಗಿದ. ಆದರೆ ಮೂತ್ರಪಿಂಡಗಳು ಪೆನಿಸಿಲಿನ್ನನ್ನು ಎಷ್ಟು ಚುರುಕಾಗಿ ಹೊರದಬ್ಬುತ್ತಿದ್ದವೆಂದರೆ, ಅಲ್ಲಿ ಪೆನಿಸಿಲಿನ್ ತಯಾರಿಸುತ್ತಿದ್ದ ಹವರ್ಡ್ ಫ್ಲೋರಿ ಎಂಬ ವಿಜ್ಞಾನಿಯ ತಂಡ ಆತನ ಮೂತ್ರವನ್ನು ಸಂಗ್ರಹಿಸಿ ಪ್ರಯೋಗಾಲಯಕ್ಕೆ ಒಯ್ದು, ಅದರಿಂದ ಪೆನಿಸಿಲಿನ್ನನ್ನು ಮತ್ತೆ ಬೇರ್ಪಡಿಸಿ ಆತನಿಗೇ ಮರಳಿ ಕೊಡುತ್ತಿತ್ತು. ಐದು ದಿನಗಳಲ್ಲಿ ಇದ್ದ ಔಷಧವೆಲ್ಲ ಮುಗಿದುಹೋಗಿ, ಸೋಂಕು ಮರುಕಳಿಸಿ, ಮಾರ್ಚ್ 15ರಂದು ಆತ ತೀರಿಕೊಂಡ. ಔಷಧ ಸರಿಯಾದದ್ದೇ ಆಗಿತ್ತು, ಅದು ಬೇಕಾದಷ್ಟು ಕಾಲ ದೇಹದಲ್ಲಿ ನಿಲ್ಲಲಿಲ್ಲ. ಅನಂತರ ಕೆಲವೇ ವರ್ಷಗಳಲ್ಲಿ ಅಮೆರಿಕದ ಹ್ಯಾರಿ ಈಗಲ್ ಎಂಬ ವಿಜ್ಞಾನಿ ಪ್ರಾಣಿಗಳ ಮೇಲೆ ನಡೆಸಿದ ಪ್ರಯೋಗಗಳಲ್ಲಿ, ಪೆನಿಸಿಲಿನ್ ಗುಣ ಕೊಡುವುದು ರಕ್ತದಲ್ಲಿ ಅದರ ಮಟ್ಟ ಎಷ್ಟು ಎತ್ತರಕ್ಕೆ ಏರಿತು ಎಂಬುದರಿಂದಲ್ಲ, ಬೇಕಾದ ಮಟ್ಟಕ್ಕಿಂತ ಮೇಲೆ ಎಷ್ಟು ಹೊತ್ತು ನಿಂತಿತು ಎಂಬುದರಿಂದ ಎಂದು ತೋರಿಸಿಕೊಟ್ಟರು. ಇಷ್ಟು ಮುಖ್ಯವಾದ ತಿಳಿವಳಿಕೆ ಸಾಮಾನ್ಯ ಚಿಕಿತ್ಸೆಯ ರೂಢಿಯೊಳಗೆ ಬರಲು ಅರ್ಧ ಶತಮಾನಕ್ಕಿಂತ ಹೆಚ್ಚು ಕಾಲ ಹಿಡಿಯಿತೆಂಬುದು ವಿಷಾದದ ಸಂಗತಿ.

ಪೆನಿಸಿಲಿನ್‌ನ ವಂಶಕ್ಕೆ ಬೀಟಾ-ಲ್ಯಾಕ್ಟಮ್ ಎಂದು ಹೆಸರು. ಇಂದು ತೀವ್ರ ನಿಗಾ ಘಟಕಗಳಲ್ಲಿ ದಿನನಿತ್ಯ ಬಳಕೆಯಾಗುವ ಪಿಪೆರಾಸಿಲಿನ್-ಟಾಜೊಬ್ಯಾಕ್ಟಮ್, ಸೆಫೆಪಿಮ್, ಮೆರೊಪೆನೆಮ್ ಇವೆಲ್ಲ ಅದೇ ವಂಶದವು, ಮತ್ತು ಈಗಲ್ ಕಂಡುಕೊಂಡ ನಿಯಮ ಇವೆಲ್ಲಕ್ಕೂ ಅನ್ವಯಿಸುತ್ತದೆ. ಬ್ಯಾಕ್ಟೀರಿಯಾ ತನ್ನ ಕೋಶದ ಗೋಡೆಯನ್ನು ಕಟ್ಟಿಕೊಳ್ಳುವಾಗ ಅಡ್ಡಿಪಡಿಸುವುದು ಇವುಗಳ ಕೆಲಸ. ಗೋಡೆ ಕಟ್ಟುವ ಕೆಲಸ ನಿರಂತರವಾಗಿ ನಡೆಯುವುದರಿಂದ ಅಡ್ಡಿಯೂ ನಿರಂತರವಾಗಿರಬೇಕು, ಬಿಡುವು ಸಿಕ್ಕರೆ ಬ್ಯಾಕ್ಟೀರಿಯಾ ಚೇತರಿಸಿಕೊಂಡು ಮತ್ತೆ ವೃದ್ಧಿಯಾಗುತ್ತದೆ. ಎಂಟು ಗಂಟೆಗೊಮ್ಮೆ ಕೊಡುವ ಔಷಧ ಆ ಎಂಟು ಗಂಟೆಗಳಲ್ಲಿ ಎಷ್ಟು ಪಾಲು ಹೊತ್ತು ಕನಿಷ್ಠ ತಡೆ ಸಾಂದ್ರತೆಯ ಮೇಲಿರಬೇಕೆಂದು ಪ್ರಾಣಿಗಳ ಮೇಲಿನ ಅಧ್ಯಯನಗಳು ಲೆಕ್ಕ ಹಾಕಿವೆ: ಮೆರೊಪೆನೆಮ್ ವರ್ಗಕ್ಕೆ ಶೇಕಡಾ 40, ಪೆನಿಸಿಲಿನ್ ವರ್ಗಕ್ಕೆ 50, ಸೆಫೆಪಿಮ್ ವರ್ಗಕ್ಕೆ 60ರಿಂದ 70. ಜೀವನ್ಮರಣದ ನಡುವೆ ಇರುವ ರೋಗಿಯಲ್ಲಿ, ರೋಗನಿರೋಧಕ ಶಕ್ತಿಯ ನೆರವು ಕಡಿಮೆಯಾಗಿರುವಾಗ, ಇಡೀ ನೂರು ಪಾಲು ಹೊತ್ತೂ ಔಷಧ ಆ ಮಟ್ಟದ ಮೇಲಿರಲಿ ಎಂಬುದು ಇಂದಿನ ಅನೇಕ ತಜ್ಞರ ಗುರಿ.

ಇಲ್ಲಿ ಒಂದು ಲೆಕ್ಕವನ್ನು ಬಿಡಿಸಿ ನೋಡಬೇಕು. ಮೂತ್ರಪಿಂಡಗಳು ಸರಿಯಾಗಿರುವವರಲ್ಲಿ ಮೆರೊಪೆನೆಮ್‌ನ ಅರ್ಧಾಯು, ಎಂದರೆ ರಕ್ತದಲ್ಲಿರುವ ಔಷಧ ಅರ್ಧಕ್ಕಿಳಿಯಲು ಬೇಕಾಗುವ ಕಾಲ, ಸುಮಾರು ಒಂದು ಗಂಟೆ. ಒಂದು ಗ್ರಾಂ ಔಷಧವನ್ನು ಬೇಗಬೇಗನೆ ನರಕ್ಕೆ ಹರಿಸಿದಾಗ ರಕ್ತದಲ್ಲಿ ಲೀಟರಿಗೆ 48 ಮಿಲಿಗ್ರಾಂ ಸೇರಿತೆಂದು ಇಟ್ಟುಕೊಂಡರೆ, ಒಂದು ಗಂಟೆಗೆ ಅದು 24, ಎರಡು ಗಂಟೆಗೆ 12, ಮೂರಕ್ಕೆ 6, ನಾಲ್ಕಕ್ಕೆ 3, ಐದಕ್ಕೆ ಒಂದೂವರೆ ಆಗುತ್ತದೆ. ಬ್ಯಾಕ್ಟೀರಿಯಾದ ಕನಿಷ್ಠ ತಡೆ ಸಾಂದ್ರತೆ 2 ಆಗಿದ್ದರೆ, ಐದನೆಯ ಗಂಟೆ ತುಂಬುವ ಮೊದಲೇ ಔಷಧ ಆ ಗೆರೆಯ ಕೆಳಗಿಳಿದು, ಮುಂದಿನ ಡೋಸ್ ಬರುವವರೆಗೆ ಮೂರು ಗಂಟೆಗೂ ಹೆಚ್ಚು ಕಾಲ ಬ್ಯಾಕ್ಟೀರಿಯಾಕ್ಕೆ ಬಿಡುವು ದೊರೆಯುತ್ತದೆ. ಇದಕ್ಕೆ ಪರಿಹಾರವಾಗಿ ಒಂದು ಗ್ರಾಂ ಬದಲು ಎರಡು ಗ್ರಾಂ ಕೊಟ್ಟರೆ 48 ಎಂಬುದು 96 ಆಗುತ್ತದೆ, ಆದರೆ ಒಂದೇ ಗಂಟೆಯಲ್ಲಿ ಅದು ಮತ್ತೆ 48ಕ್ಕೆ ಇಳಿಯುವುದರಿಂದ, ಔಷಧವನ್ನು ಇಮ್ಮಡಿ ಮಾಡಿದ್ದಕ್ಕೆ ದೊರೆಯುವ ಹೆಚ್ಚುವರಿ ರಕ್ಷಣೆ ಕೇವಲ ಒಂದು ಗಂಟೆಯದು. ಅದೇ ಒಂದು ಗ್ರಾಂ ಔಷಧವನ್ನು ನಾಲ್ಕು ಗಂಟೆಗಳ ಉದ್ದಕ್ಕೂ ನಿಧಾನವಾಗಿ ಹರಿಸಿದರೆ ಮಟ್ಟ 15ರ ಆಸುಪಾಸಿಗೆ ಮಾತ್ರ ಏರುತ್ತದೆ. ಆದರೆ ಹರಿವು ನಿಂತ ಮೇಲೆ 15 ಇಳಿದು 2ಕ್ಕೆ ಬರಲು ಇನ್ನೂ ಸುಮಾರು ಮೂರು ಗಂಟೆ ಹಿಡಿಯುವುದರಿಂದ, ಒಂದು ಚೂರೂ ಹೆಚ್ಚಿನ ಔಷಧವಿಲ್ಲದೆ ಎಂಟರಲ್ಲಿ ಹತ್ತಿರ ಹತ್ತಿರ ಏಳು ಗಂಟೆಗಳು ದಕ್ಕುತ್ತವೆ. ನಿಜವಾದ ರೋಗಿಯಲ್ಲಿ ಅಂಕಿಗಳು ಇಷ್ಟು ದುಂಡಾಗಿ ಬರುವುದಿಲ್ಲ, ಆದರೆ ದಿಕ್ಕು ಇದೇ. ಬಯಲುಸೀಮೆಯ ಮರಳು ಮಣ್ಣಿನಲ್ಲಿ ಗಿಡ ನೆಟ್ಟ ರೈತನಿಗೆ ಈ ಲೆಕ್ಕವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ: ಒಂದೇ ಸಲ ಸುರಿದ ಕೊಡದ ನೀರು ಬುಡದಲ್ಲಿ ನಿಲ್ಲದೆ ಇಂಗಿಹೋಗುತ್ತದೆ, ಹನಿ ನೀರಾವರಿಯಲ್ಲಿ ಅದೇ ಕೊಡದ ನೀರು ಬೇರನ್ನು ದಿನವಿಡೀ ತೇವವಾಗಿಡುತ್ತದೆ.

ನಿಧಾನವಾಗಿ ಹರಿಸುವ ಈ ಕ್ರಮಕ್ಕೆ ಒಂದು ಕಡ್ಡಾಯದ ಶರತ್ತಿದೆ. ಮೊದಲ ಡೋಸನ್ನೂ ನಿಧಾನವಾಗಿ ಕೊಟ್ಟರೆ ರಕ್ತದಲ್ಲಿ ಬೇಕಾದ ಮಟ್ಟ ಏರುವುದೇ ತಡವಾಗುತ್ತದೆ, ಸೋಂಕಿನಿಂದ ರಕ್ತದೊತ್ತಡ ಕುಸಿಯುತ್ತಿರುವ ರೋಗಿಗೆ ಆ ತಡ ಮಾರಕವಾಗಬಹುದು. ಆದ್ದರಿಂದ ಮೊದಲು ಪೂರ್ಣ ಡೋಸನ್ನು ಅರ್ಧ ಗಂಟೆಯೊಳಗೆ ಕೊಟ್ಟು, ಅದರ ಬೆನ್ನಿಗೇ ನಿಧಾನದ ಹರಿವನ್ನು ಆರಂಭಿಸಬೇಕು. ಈ ಮೊದಲ ಡೋಸ್ ಮೂತ್ರಪಿಂಡದ ಶಕ್ತಿಯನ್ನು ಅವಲಂಬಿಸಿದ್ದಲ್ಲ ಎಂಬುದು ವಾರ್ಡುಗಳಲ್ಲಿ ಆಗಾಗ ಮರೆತುಹೋಗುವ ಅಂಶ. ಮೊದಲ ಡೋಸ್ ತುಂಬಬೇಕಾದದ್ದು ದೇಹದ ನೀರಿನ ಕೊಳವನ್ನು, ಮತ್ತು ತೀವ್ರ ಸೋಂಕಿನಲ್ಲಿ ಆ ಕೊಳ ದೊಡ್ಡದಾಗಿರುತ್ತದೆ: ಸೂಕ್ಷ್ಮ ರಕ್ತನಾಳಗಳು ಸೋರತೊಡಗಿ ನೀರು ಅಂಗಾಂಶಗಳಿಗೆ ಇಳಿದಿರುತ್ತದೆ, ರಕ್ತದೊತ್ತಡ ಉಳಿಸಲು ಲೀಟರುಗಟ್ಟಲೆ ಸಲೈನ್ ಏರಿಸಲಾಗಿರುತ್ತದೆ, ನೀರಿನಲ್ಲಿ ಕರಗುವ ಬೀಟಾ-ಲ್ಯಾಕ್ಟಮ್‌ನಂಥ ಔಷಧ ಆ ನೀರಿನಲ್ಲೆಲ್ಲ ಹರಡಿ ತೆಳುವಾಗುತ್ತದೆ. ಮೂತ್ರಪಿಂಡಗಳು ಸೋಸಿ ಹೊರಹಾಕುವ ಕ್ರಿಯೇಟಿನಿನ್ ಎಂಬ ತ್ಯಾಜ್ಯ ರಕ್ತದಲ್ಲಿ ಹೆಚ್ಚಿದೆ ಎಂದು ಮೊದಲ ಡೋಸನ್ನೇ ಅರ್ಧ ಮಾಡುವುದು ಆದ್ದರಿಂದ ತಪ್ಪು ಲೆಕ್ಕ. ಕಡಿತವೇನಿದ್ದರೂ ಅನಂತರದ ಡೋಸುಗಳಿಗೆ ಸೇರಿದ ಮಾತು.

ಮೂತ್ರಪಿಂಡದ ವಿಷಯದಲ್ಲಿ ಇದಕ್ಕೆ ತದ್ವಿರುದ್ಧವಾದ ಇನ್ನೊಂದು ಅಪಾಯವೂ ಉಂಟು, ಮತ್ತು ಅದು ಕಣ್ಣಿಗೆ ಬೀಳದ ಅಪಾಯ. ತಲೆಗೆ ಪೆಟ್ಟು ಬಿದ್ದು ಅಥವಾ ರಸ್ತೆ ಅಪಘಾತದಲ್ಲಿ ಗಾಯಗೊಂಡು ಬಂದ ಯುವಕರಲ್ಲಿ ಹೃದಯದ ಬಡಿತವೂ ಮೂತ್ರಪಿಂಡಗಳಿಗೆ ಹರಿಯುವ ರಕ್ತವೂ ಹೆಚ್ಚಿ, ಮೂತ್ರಪಿಂಡಗಳು ಸಹಜಕ್ಕಿಂತ ಹೆಚ್ಚು ವೇಗವಾಗಿ ರಕ್ತವನ್ನು ಸೋಸತೊಡಗುತ್ತವೆ. ನಿಮಿಷಕ್ಕೆ 130 ಮಿಲಿಲೀಟರಿಗಿಂತ ಹೆಚ್ಚಿನ ಸೋಸುವಿಕೆಯನ್ನು ಈ ಸ್ಥಿತಿಯ ಗುರುತಾಗಿ ಇಟ್ಟುಕೊಳ್ಳಲಾಗಿದೆ. ರಕ್ತಪರೀಕ್ಷೆಯ ವರದಿಯಲ್ಲಿ ಕ್ರಿಯೇಟಿನಿನ್ 0.5 ಎಂದಿದ್ದರೆ ಎಲ್ಲವೂ ಸುಸೂತ್ರವೆಂದು ತೋರುತ್ತದೆ, ಯಾರೂ ಹುಬ್ಬೇರಿಸುವುದಿಲ್ಲ. ಆದರೆ ಆ ರೋಗಿಯ ದೇಹದಿಂದ ಔಷಧ ಸದ್ದಿಲ್ಲದೆ ಖಾಲಿಯಾಗುತ್ತಿರುತ್ತದೆ. ಇನ್ನು ರಕ್ತದ ಆಲ್ಬುಮಿನ್ ಎಂಬ ಪ್ರೋಟೀನಿಗೆ ಅಂಟಿಕೊಂಡು ಸಂಚರಿಸುವ ಸೆಫ್ಟ್ರಿಯಾಕ್ಸೋನ್‌ನಂಥ ಔಷಧಗಳು ಆಲ್ಬುಮಿನ್ ಕುಸಿದ ರೋಗಿಯಲ್ಲಿ ಆಧಾರ ತಪ್ಪಿ, ಹೆಚ್ಚು ಬೇಗ ಹೊರಬೀಳುತ್ತವೆ.

ಇವೆಲ್ಲವುಗಳ ಒಟ್ಟು ಪರಿಣಾಮ ಎಷ್ಟೆಂದು ಅಳೆಯಲು ಆಸ್ಟ್ರೇಲಿಯಾದ ಜೇಸನ್ ರಾಬರ್ಟ್ಸ್ ಮತ್ತು ಸಂಗಡಿಗರು 10 ದೇಶಗಳ 68 ಆಸ್ಪತ್ರೆಗಳ ತೀವ್ರ ನಿಗಾ ಘಟಕಗಳಲ್ಲಿ ರೋಗಿಗಳ ರಕ್ತದಲ್ಲಿ ಔಷಧದ ಮಟ್ಟವನ್ನು ಪರೀಕ್ಷಿಸಿ 2014ರಲ್ಲಿ ಫಲಿತಾಂಶ ಪ್ರಕಟಿಸಿದರು. ಸೋಂಕಿಗೆ ಚಿಕಿತ್ಸೆ ಪಡೆಯುತ್ತಿದ್ದವರಲ್ಲಿ ಶೇಕಡಾ 16 ಮಂದಿಯಲ್ಲಿ ಔಷಧ ಅರ್ಧದಷ್ಟು ಹೊತ್ತು ಕೂಡ ಬೇಕಾದ ಮಟ್ಟದ ಮೇಲಿರಲಿಲ್ಲ, ಮತ್ತು ಅಂಥವರು ಗುಣಮುಖರಾಗುವ ಸಂಭವವೂ ಕಡಿಮೆಯಿತ್ತು. ಎಂದರೆ ಸರಿಯಾದ ಔಷಧವನ್ನು, ಪುಸ್ತಕದಲ್ಲಿ ಬರೆದ ಪ್ರಮಾಣದಲ್ಲಿಯೇ ಪಡೆಯುತ್ತಿದ್ದ ಆರು ರೋಗಿಗಳಲ್ಲಿ ಹೆಚ್ಚುಕಡಿಮೆ ಒಬ್ಬರಿಗೆ ಚಿಕಿತ್ಸೆ ಚೀಟಿಯ ಮೇಲೆ ಮಾತ್ರ ನಡೆಯುತ್ತಿತ್ತು.

ಹಾಗಾದರೆ ನಿಧಾನದ ಹರಿವಿನಿಂದ ಜೀವ ಉಳಿಯುತ್ತದೆಯೇ ಎಂಬ ಪ್ರಶ್ನೆಗೆ ಉತ್ತರ ದೊರೆಯಲು ಇನ್ನೂ ಹತ್ತು ವರ್ಷ ಬೇಕಾಯಿತು. 2023ರಲ್ಲಿ ಇಟಲಿ, ಕ್ರೊಯೇಷಿಯಾ, ಕಜಾಕಿಸ್ತಾನ ಮತ್ತು ರಷ್ಯಾಗಳ 607 ರೋಗಿಗಳಲ್ಲಿ ಮೆರೊಪೆನೆಮ್ಮನ್ನು ನಿರಂತರವಾಗಿ ಹರಿಸುವುದನ್ನೂ ಬಿಟ್ಟುಬಿಟ್ಟು ಕೊಡುವುದನ್ನೂ ಹೋಲಿಸಿದ ಪ್ರಯೋಗದಲ್ಲಿ ಯಾವ ವ್ಯತ್ಯಾಸವೂ ಕಾಣಲಿಲ್ಲ. ಎರಡೂ ಗುಂಪುಗಳಲ್ಲಿ 90 ದಿನಗಳೊಳಗೆ ಶೇಕಡಾ 42 ಮಂದಿ ತೀರಿಕೊಂಡಿದ್ದರು. 2024ರಲ್ಲಿ ಏಳು ದೇಶಗಳ 104 ಘಟಕಗಳಲ್ಲಿ ನಡೆದ, ಬ್ಲಿಂಗ್-3 ಎಂದು ಕರೆಯಲಾಗುವ ಬಹುದೊಡ್ಡ ಪ್ರಯೋಗದ ಫಲಿತಾಂಶ ಹೊರಬಂತು. ಏಳು ಸಾವಿರಕ್ಕೂ ಮಿಕ್ಕಿದ ರೋಗಿಗಳಿದ್ದ ಆ ಪ್ರಯೋಗದಲ್ಲಿ ಪಿಪೆರಾಸಿಲಿನ್-ಟಾಜೊಬ್ಯಾಕ್ಟಮ್ ಅಥವಾ ಮೆರೊಪೆನೆಮ್ಮನ್ನು ನಿರಂತರವಾಗಿ ಪಡೆದವರಲ್ಲಿ 90 ದಿನಗಳೊಳಗೆ ತೀರಿಕೊಂಡವರು ಶೇಕಡಾ 24.9, ಬಿಟ್ಟುಬಿಟ್ಟು ಪಡೆದವರಲ್ಲಿ 26.8. ಈ ವ್ಯತ್ಯಾಸ ಆಕಸ್ಮಿಕವಾಗಿಯೂ ಬಂದಿರಬಹುದೆಂಬ ಸಂದೇಹವನ್ನು ಸಂಖ್ಯಾಶಾಸ್ತ್ರದ ಕಟ್ಟುನಿಟ್ಟಿನ ಅಳತೆಗೋಲಿನಲ್ಲಿ ಪೂರ್ತಿಯಾಗಿ ತಳ್ಳಿಹಾಕಲು ಆಗಲಿಲ್ಲ. ಆದರೆ ಸೋಂಕು ವಾಸಿಯಾದವರ ಪಾಲು ನಿರಂತರ ಹರಿವಿನ ಗುಂಪಿನಲ್ಲಿ ಶೇಕಡಾ 55.7, ಇನ್ನೊಂದರಲ್ಲಿ 50 ಆಗಿತ್ತು. ಅದರ ಜೊತೆಗೇ ಹೊರಬಂದ, 18 ಪ್ರಯೋಗಗಳ ಒಂಬತ್ತು ಸಾವಿರಕ್ಕೂ ಹೆಚ್ಚು ರೋಗಿಗಳ ವಿವರಗಳನ್ನು ಒಟ್ಟುಗೂಡಿಸಿ ತೂಗಿದ ವಿಶ್ಲೇಷಣೆ, ಇಂಥ ಸುಮಾರು 26 ರೋಗಿಗಳಿಗೆ ಔಷಧವನ್ನು ನಿಧಾನವಾಗಿ ಹರಿಸಿದರೆ ಒಂದು ಜೀವ ಹೆಚ್ಚಾಗಿ ಉಳಿಯುತ್ತದೆಂದು ಲೆಕ್ಕ ಹಾಕಿತು. ಹೊಸ ಔಷಧ ಬೇಡ, ಹೆಚ್ಚಿನ ಔಷಧವೂ ಬೇಡ, ಅದೇ ಬಾಟಲಿಯನ್ನು ಬೇರೆ ವೇಗದಲ್ಲಿ ಹರಿಸಬೇಕು. ಇಷ್ಟು ಅಗ್ಗದ ಬೆಲೆಗೆ ಇಷ್ಟು ಬೆಲೆಯುಳ್ಳದ್ದು ವೈದ್ಯಶಾಸ್ತ್ರದಲ್ಲಿ ಅಪರೂಪವಾಗಿ ದೊರೆಯುತ್ತದೆ.

ಪುಸ್ತಕದ ಈ ತಿಳಿವಳಿಕೆ ರೋಗಿಯ ಹಾಸಿಗೆಯ ಪಕ್ಕಕ್ಕೆ ಬರುವಾಗ ಅದು ನರ್ಸ್ ಒಬ್ಬರ ಕೈಯ ಕೆಲಸವಾಗುತ್ತದೆ, ಆ ಕೆಲಸದ ಸಣ್ಣ ವಿವರಗಳು ಸಣ್ಣವಲ್ಲ. ನೂರು ಮಿಲಿಲೀಟರಿನ ಸಲೈನ್ ಬಾಟಲಿಯಲ್ಲಿ ಔಷಧ ಕಲಸಿ ಸ್ಟ್ಯಾಂಡಿಗೆ ತೂಗುಹಾಕಿ, ಹನಿಗಳು ಬೀಳುವುದು ನಿಂತೊಡನೆ ಡೋಸ್ ಮುಗಿಯಿತೆಂದು ಬಾಟಲಿಯನ್ನೂ ಕೊಳವೆಯನ್ನೂ ಬಿಚ್ಚಿ ತೆಗೆಯುವುದು ಅನೇಕ ಕಡೆ ನಡೆದುಬಂದ ರೂಢಿ. ಆದರೆ ಬಾಟಲಿಯಿಂದ ತೋಳಿನವರೆಗೆ ಇಳಿಬಿದ್ದಿರುವ ಆ ಪ್ಲಾಸ್ಟಿಕ್ ಕೊಳವೆಯ ಒಳಗೆ 15ರಿಂದ 20 ಮಿಲಿಲೀಟರಿನಷ್ಟು ದ್ರವ ಉಳಿದಿರುತ್ತದೆ. ಎಂದರೆ ಡೋಸಿನ ಆರರಲ್ಲಿ ಅಥವಾ ಐದರಲ್ಲಿ ಒಂದು ಪಾಲು ರೋಗಿಯ ಮೈ ಸೇರದೆ ಕಸದ ಬುಟ್ಟಿ ಸೇರುತ್ತದೆ, ದಿನಕ್ಕೆ ಮೂರು ಹೊತ್ತೂ ಹಾಗೆಯೇ. ಬಾಟಲಿ ಬರಿದಾದ ಮೇಲೆ ಅದೇ ಕೊಳವೆಯ ಮೂಲಕ ಸ್ವಲ್ಪ ಬರಿಯ ಸಲೈನ್ ಹರಿಸಿ ಉಳಿದ ಔಷಧವನ್ನು ಒಳಕ್ಕೆ ದೂಡಿದರೆ ಈ ನಷ್ಟ ತಪ್ಪುತ್ತದೆ. ನಾಲ್ಕು ಗಂಟೆಗಳ ಹರಿವಿಗೆ ಸಿರಿಂಜ್ ಪಂಪ್ ಎಂಬ, ಸಿರಿಂಜಿನ ದಂಡವನ್ನು ಗೊತ್ತುಪಡಿಸಿದ ವೇಗದಲ್ಲಿ ತಳ್ಳುವ ಯಂತ್ರ ಬೇಕು. ಆ ನಾಲ್ಕು ಗಂಟೆ ಬೇರೆ ಔಷಧ ಬೆರೆಯದಂತೆ ಅದಕ್ಕೇ ಮೀಸಲಾದ ನರದ ದಾರಿಯೂ ಬೇಕು. ರಾತ್ರಿ ಪಾಳಿಯಲ್ಲಿ ಹಲವು ರೋಗಿಗಳನ್ನು ಒಬ್ಬರೇ ನೋಡಿಕೊಳ್ಳುವ ಕಡೆ ಎರಡು ಗಂಟೆಯ ಡೋಸ್ ಮೂರೂವರೆಗೆ ಜಾರಿದರೆ ಮೇಲೆ ಹೇಳಿದ ಲೆಕ್ಕವೆಲ್ಲ ಬುಡಮೇಲಾಗುತ್ತದೆ. ಆದ್ದರಿಂದ ತೀವ್ರ ನಿಗಾ ಘಟಕದಲ್ಲಿ ಸಾಕಷ್ಟು ನರ್ಸುಗಳಿರಬೇಕೆಂಬುದು ಬರಿಯ ಆಡಳಿತದ ವಿಷಯವಲ್ಲ, ಅದು ಔಷಧದ ಪ್ರಮಾಣದ ಒಂದು ಭಾಗ.

ನಮ್ಮ ಹವೆಯೂ ಈ ಲೆಕ್ಕದಲ್ಲಿ ಸೇರುತ್ತದೆ. ಪಿಪೆರಾಸಿಲಿನ್-ಟಾಜೊಬ್ಯಾಕ್ಟಮ್ ಕಲಸಿಟ್ಟ ಮೇಲೆ ಸಾಧಾರಣ ಕೋಣೆಯ ಶಾಖದಲ್ಲಿ ಒಂದು ದಿನ ಕೆಡದೆ ಉಳಿಯಬಲ್ಲದು. ಮೆರೊಪೆನೆಮ್ ಹಾಗಲ್ಲ, ಕೆಲವು ಗಂಟೆಗಳಲ್ಲೇ ಅದರ ಅಣುಗಳು ಒಡೆಯತೊಡಗುತ್ತವೆ ಮತ್ತು ಶಾಖ ಏರಿದಷ್ಟೂ ಬೇಗ ಒಡೆಯುತ್ತವೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಕಲಬುರಗಿ, ರಾಯಚೂರಿನಂಥ ಊರುಗಳಲ್ಲಿ ಹವಾನಿಯಂತ್ರಣ ಕೈಕೊಟ್ಟ ಕೋಣೆಯಲ್ಲಿ ಮೆರೊಪೆನೆಮ್ಮನ್ನು 24 ಗಂಟೆಗಳಿಗೆ ಒಂದೇ ಸಲ ಕಲಸಿಟ್ಟು ಹರಿಸುವುದು ಸಲ್ಲದ ಕ್ರಮ. ಪ್ರತಿ ಡೋಸನ್ನೂ ಆಯಾ ಹೊತ್ತಿಗೇ ಕಲಸಿ ಮೂರು ನಾಲ್ಕು ಗಂಟೆಗಳೊಳಗೆ ಹರಿಸಿ ಮುಗಿಸುವುದೇ ಇಲ್ಲಿಗೆ ಹೊಂದುವ ದಾರಿ.

ಹೊತ್ತಿನ ಈ ನಿಯಮ ಎಲ್ಲ ಔಷಧಗಳಿಗೂ ಸಲ್ಲುವುದಿಲ್ಲ. ಅಮಿಕಾಸಿನ್ ವರ್ಗದ ಔಷಧಗಳಲ್ಲಿ ನಿಯಮ ತಿರುಗುಮುರುಗಾಗಿದ್ದು, ಅಲ್ಲಿ ಮಟ್ಟ ಒಮ್ಮೆ ಎಷ್ಟು ಎತ್ತರಕ್ಕೆ ಏರಿತು ಎಂಬುದೇ ಮುಖ್ಯವಾಗುತ್ತದೆ, ಮತ್ತು ಇಳಿದ ಮೇಲೂ ಕೆಲವು ಗಂಟೆಗಳ ಕಾಲ ಬ್ಯಾಕ್ಟೀರಿಯಾ ತಲೆಯೆತ್ತುವುದಿಲ್ಲ. ಆದ್ದರಿಂದ ಅದನ್ನು 500 ಮಿಲಿಗ್ರಾಮಿನಂತೆ ದಿನಕ್ಕೆರಡು ಸಲ ಹಂಚುವುದಕ್ಕಿಂತ, ತೀವ್ರ ಅಸ್ವಸ್ಥರಿಗೆ ದೇಹದ ತೂಕದ ಕಿಲೋಗ್ರಾಮಿಗೆ 25ರಿಂದ 30 ಮಿಲಿಗ್ರಾಂ ಲೆಕ್ಕದಲ್ಲಿ ಒಂದೇ ದೊಡ್ಡ ಡೋಸಾಗಿ ಕೊಡುವುದು ಇಂದಿನ ಕ್ರಮ. ವ್ಯಾಂಕೊಮೈಸಿನ್‌ನಲ್ಲಿ ಎತ್ತರ ಮತ್ತು ಹೊತ್ತು ಎರಡೂ ಸೇರಿ, ಇಡೀ ದಿನದಲ್ಲಿ ದೇಹಕ್ಕೆ ಒದಗಿದ ಒಟ್ಟು ಔಷಧ ಲೆಕ್ಕಕ್ಕೆ ಬರುತ್ತದೆ. ಅದು ಹೆಚ್ಚಾದರೆ ಮೂತ್ರಪಿಂಡಕ್ಕೆ ಹಾನಿ. ಕೊಲಿಸ್ಟಿನ್ ಎಂಬ ಹಳೆಯ ಔಷಧ, ಪ್ರತಿರೋಧದ ದೆಸೆಯಿಂದಾಗಿ ಭಾರತದಲ್ಲಿ ಮತ್ತೆ ಬಳಕೆಗೆ ಬಂದು ಕೊನೆಯ ಆಸರೆಯಾಗಿ ನಿಂತಿರುವಂಥದು, ನರಕ್ಕೆ ಏರುವಾಗ ನಿಷ್ಕ್ರಿಯ ರೂಪದಲ್ಲಿದ್ದು ದೇಹದೊಳಗೆ ನಿಧಾನವಾಗಿ ಮಾರ್ಪಡುತ್ತದೆ. ಮೊದಲಿಗೇ 90 ಲಕ್ಷ ಯೂನಿಟ್ಟಿನ ದೊಡ್ಡ ಡೋಸ್ ಕೊಡದಿದ್ದರೆ ಅದು ಬೇಕಾದ ಮಟ್ಟ ತಲುಪಲು ಎರಡು ಮೂರು ದಿನ ಹಿಡಿಯಬಹುದು, ಅಷ್ಟು ದಿನ ಕಾಯುವ ಶಕ್ತಿ ಈ ರೋಗಿಗಳಿಗೆ ಇರುವುದಿಲ್ಲ. ಇಂಥ ಔಷಧವನ್ನು ಕೋಳಿ, ಜಾನುವಾರುಗಳ ಸಾಕಣೆಯಲ್ಲಿ ಬಳಸುವುದನ್ನು ಭಾರತ ಸರ್ಕಾರ 2019ರಲ್ಲಿ ನಿಷೇಧಿಸಿದ್ದು ಸರಿಯಾದ ಹೆಜ್ಜೆ.

ರಕ್ತದಲ್ಲಿ ಮಟ್ಟ ಸರಿಯಿದ್ದ ಮಾತ್ರಕ್ಕೆ ಶ್ವಾಸಕೋಶದಲ್ಲಿಯೂ ಸರಿಯಿರುತ್ತದೆಂದು ಹೇಳಲಾಗದು. ಬ್ಯಾಕ್ಟೀರಿಯಾ ಇರುವುದು ಗಾಳಿಗೂಡಿನ ಒಳಮೈಯನ್ನು ಸವರಿದಂತಿರುವ ತೆಳು ದ್ರವದ ಪದರದಲ್ಲಿ. ಲೈನೆಜೊಲಿಡ್‌ನಂಥ ಔಷಧ ಅಲ್ಲಿಗೆ ಸರಾಗವಾಗಿ ಇಳಿಯುತ್ತದೆ, ವ್ಯಾಂಕೊಮೈಸಿನ್ ಮತ್ತು ಅಮಿಕಾಸಿನ್‌ಗಳ ಸಣ್ಣ ಪಾಲು ಮಾತ್ರ ತಲುಪುತ್ತದೆ, ಮೆರೊಪೆನೆಮ್ ಈ ಎರಡರ ನಡುವಿನದು. ಡ್ಯಾಪ್ಟೊಮೈಸಿನ್‌ನ ಕಥೆ ಇನ್ನೂ ಬೋಧಪ್ರದ: ನ್ಯುಮೊಕಾಕಸ್ಸನ್ನು ಪ್ರಯೋಗಾಲಯದಲ್ಲಿ ಚೆನ್ನಾಗಿ ಕೊಲ್ಲುವ ಆ ಔಷಧ ನ್ಯುಮೋನಿಯಾದ ಪ್ರಯೋಗಗಳಲ್ಲಿ ಸೋತಿತು, ಏಕೆಂದರೆ ಗಾಳಿಗೂಡುಗಳು ಮುಚ್ಚಿಕೊಳ್ಳದಂತೆ ಕಾಯುವ ಸರ್ಫ್ಯಾಕ್ಟಂಟ್ ಎಂಬ ಜಿಡ್ಡಿನ ವಸ್ತುವೇ ಅದನ್ನು ಹಿಡಿದಿಟ್ಟು ನಿಷ್ಕ್ರಿಯಗೊಳಿಸುತ್ತದೆ. ಔಷಧವನ್ನು ಮಂಜಿನಂತೆ ಮಾಡಿ ವೆಂಟಿಲೇಟರಿನ ಗಾಳಿಯೊಡನೆ ನೇರವಾಗಿ ಒಳಕ್ಕೆ ಕಳಿಸುವ ವಿಧಾನ ಈ ಕಾರಣದಿಂದ ಆಕರ್ಷಕವಾಗಿ ಕಂಡರೂ, ಈಗಾಗಲೇ ಬಂದಿರುವ ನ್ಯುಮೋನಿಯಾಕ್ಕೆ ಅಮಿಕಾಸಿನ್‌ನ ಮಂಜನ್ನು ಸೇರಿಸಿ ಕೊಟ್ಟ ದೊಡ್ಡ ಪ್ರಯೋಗದಲ್ಲಿ ಹೆಚ್ಚಿನ ಜೀವ ಉಳಿಯಲಿಲ್ಲ.

ಕೊನೆಯದಾಗಿ ಎಷ್ಟು ದಿನ ಎಂಬ ಪ್ರಶ್ನೆ. ಇಲ್ಲಿ ರೋಗಿಯ ಬಂಧುಗಳಿಗೂ ವೈದ್ಯರಿಗೂ ಒಂದೇ ಬಗೆಯ ಅಳುಕು: ನಿಲ್ಲಿಸಿದರೆ ಮರುಕಳಿಸೀತು. 2003ರಲ್ಲಿ ಫ್ರಾನ್ಸಿನ 51 ಘಟಕಗಳ 401 ರೋಗಿಗಳಲ್ಲಿ ವೆಂಟಿಲೇಟರ್ ಸಂಬಂಧಿತ ನ್ಯುಮೋನಿಯಾಕ್ಕೆ ಎಂಟು ದಿನ ಮತ್ತು ಹದಿನೈದು ದಿನದ ಚಿಕಿತ್ಸೆಗಳನ್ನು ಹೋಲಿಸಿದಾಗ ಸಾವಿನ ಪ್ರಮಾಣದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಸ್ಯೂಡೊಮೊನಾಸ್‌ನಂಥವು ಕಡಿಮೆ ದಿನದ ಗುಂಪಿನಲ್ಲಿ ಹೆಚ್ಚಾಗಿ ಮರುಕಳಿಸಿದವೆಂಬುದು ನಿಜ, ಆದರೆ ಮರುಕಳಿಸಿದವರಲ್ಲಿ ಹಲವು ಔಷಧಗಳಿಗೆ ಬಗ್ಗದ ಬ್ಯಾಕ್ಟೀರಿಯಾಗಳು ಹೆಚ್ಚಾಗಿ ಕಂಡದ್ದು ಹದಿನೈದು ದಿನ ಔಷಧ ಪಡೆದವರಲ್ಲೇ. ಕಡಿಮೆ ದಿನದ ಚಿಕಿತ್ಸೆ ಕಡಿಮೆ ಪ್ರಮಾಣದ ಚಿಕಿತ್ಸೆಯಾಗಬಾರದೆಂಬುದಕ್ಕೆ ಡೊರಿಪೆನೆಮ್ ಎಂಬ ಔಷಧದ ಅನುಭವ ಸಾಕ್ಷಿ: ಏಳು ದಿನ ಡೊರಿಪೆನೆಮ್ ಕೊಟ್ಟವರನ್ನು ಹತ್ತು ದಿನ ಇಮಿಪೆನೆಮ್ ಕೊಟ್ಟವರೊಡನೆ ಹೋಲಿಸುತ್ತಿದ್ದ ಪ್ರಯೋಗದಲ್ಲಿ ಮೊದಲ ಗುಂಪಿನ ಸಾವು ಹೆಚ್ಚಿದ್ದರಿಂದ ಅದನ್ನು ಅರ್ಧದಲ್ಲೇ ನಿಲ್ಲಿಸಬೇಕಾಯಿತು, ಮತ್ತು ಮೂತ್ರಪಿಂಡಗಳು ಅತಿವೇಗವಾಗಿ ಸೋಸುತ್ತಿದ್ದ ರೋಗಿಗಳಲ್ಲಿ ಸೋಲು ಎದ್ದುಕಂಡಿತು.

ನಮಗೆ ಹೆಚ್ಚು ಹತ್ತಿರದ್ದು 2024ರಲ್ಲಿ ಪ್ರಕಟವಾದ ನೇಪಾಳ, ಥಾಯ್ಲೆಂಡ್, ಸಿಂಗಪುರಗಳ 461 ರೋಗಿಗಳ ಅಧ್ಯಯನ, ಏಕೆಂದರೆ ಅಲ್ಲಿನ ಬ್ಯಾಕ್ಟೀರಿಯಾಗಳು ನಮ್ಮವುಗಳಂತೆಯೇ ಪ್ರತಿರೋಧ ಬೆಳೆಸಿಕೊಂಡವು. ಅಲ್ಲಿ ಕ್ಯಾಲೆಂಡರ್ ನೋಡದೆ ರೋಗಿಯನ್ನು ನೋಡಿ, ಜ್ವರ ಇಳಿದು ರಕ್ತದೊತ್ತಡ ಸ್ಥಿರವಾದರೆ ಏಳು ದಿನಗಳೊಳಗೇ ಔಷಧ ನಿಲ್ಲಿಸಲಾಯಿತು. 60 ದಿನಗಳಲ್ಲಿ ಸಾವು ಅಥವಾ ಮರುಕಳಿಕೆ ಹೀಗೆ ನಿಲ್ಲಿಸಿದವರಲ್ಲಿ ಶೇಕಡಾ 41, ರೂಢಿಯಂತೆ ಮುಂದುವರಿಸಿದವರಲ್ಲಿ 44 ಇತ್ತು, ಔಷಧದಿಂದಾದ ಹಾನಿ, ಬಹುಪಾಲು ಮೂತ್ರಪಿಂಡದ್ದು, ಮೊದಲ ಗುಂಪಿನಲ್ಲಿ 8 ಮತ್ತು ಎರಡನೆಯದರಲ್ಲಿ 38. ಏಳನೆಯ ದಿನದ ಬೆಳಗ್ಗೆ ಕೊಳವೆಯಿಂದ ಹೀರಿ ತೆಗೆದ ಕಫದಲ್ಲಿ ಮತ್ತೆ ಅಸಿನೆಟೊಬ್ಯಾಕ್ಟರ್ ಬೆಳೆದಿದೆಯೆಂಬ ವರದಿ ಬರುವುದು ಸಾಮಾನ್ಯ, ಅದನ್ನು ಕಂಡು ಗಾಬರಿಯಾಗುವುದೂ ಸಹಜ. ಆದರೆ ಕೊಳವೆ ಇರುವವರೆಗೆ ಅದರ ಒಳಮೈಯಲ್ಲಿ ಬ್ಯಾಕ್ಟೀರಿಯಾ ವಾಸವಾಗಿಯೇ ಇರುತ್ತದೆ. ರೋಗಿಯ ಜ್ವರ ಇಳಿದಿದ್ದರೆ, ಆಮ್ಲಜನಕದ ಅಗತ್ಯ ಕಡಿಮೆಯಾಗುತ್ತಿದ್ದರೆ, ರಕ್ತದೊತ್ತಡ ಔಷಧದ ಆಸರೆಯಿಲ್ಲದೆ ನಿಂತಿದ್ದರೆ, ಆ ವರದಿ ಹೇಳುತ್ತಿರುವುದು ಕೊಳವೆಯ ಸಮಾಚಾರವನ್ನು, ಶ್ವಾಸಕೋಶದ್ದನ್ನಲ್ಲ. ಸ್ಟ್ಯಾಂಡಿನಿಂದ ಬಾಟಲಿಯನ್ನು ಇಳಿಸಬಹುದು.